ಕಾಯಿಲೆ ಬಾರದ ಮನೆ ಯಾವುದು?

ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನೊಬ್ಬಳೇ ಡಾಕ್ಟರು. ಮುಂಗಾರಿನ ಮೊದಲ ನಾಲ್ಕಾರು ಮಳೆ ಬಿದ್ದಿದ್ದವು. ಒಂದು ಬೆಳಿಗ್ಗೆ ಜೀಪಿನ ತುಂಬ ಜನ ಬಂದಿಳಿದರು, ಎಲ್ಲರಿಗೂ ವಾಂತಿ-ಭೇದಿ. ಎರಡು ದಿನದ ಹಿಂದೆ ಅವರ ಹಳ್ಳಿಯಲ್ಲಿ ಮದುವೆಯಾಗಿತ್ತು. ಸಂಜೆಯಾಗುವಷ್ಟರಲ್ಲಿ ವರಾಂಡದ ಬೆಂಚುಗಳ ಮೇಲೂ ಜನರನ್ನು ಮಲಗಿಸಿ, ಕಿಟಕಿಯ ಸರಳಿಗೆ ಡ್ರಿಪ್ ಬಾಟಲಿ ಕಟ್ಟಿದ್ದೆವು.

ನೋಟ್‌ಬುಕ್ಕು ಹಿಡಿದು ಒಬ್ಬೊಬ್ಬರನ್ನೇ ಕೇಳಿದೆ. ಏನೇನು ಉಂಡಿರಿ? ಹೋಳಿಗೆ, ಪಾಯಸ, ಕೋಸಂಬರಿ, ಚಿತ್ರಾನ್ನ, ಹುಳಿ, ಮಜ್ಜಿಗೆ. ಎಲ್ಲರ ಬಾಯಲ್ಲೂ ಪಾಯಸ ಬಂತು. ಹಾಲು ಕೆಟ್ಟಿರಬೇಕು ಅಂದುಕೊಂಡು ವರದಿಯಲ್ಲಿ ಪಾಯಸದ ಹೆಸರು ಬರೆದೇಬಿಟ್ಟೆ. ಅಡಿಗೆ ಭಟ್ಟರು ಗೇಟಿನ ಹೊರಗೆ ಮುಖ ಬಾಡಿಸಿಕೊಂಡು ನಿಂತಿದ್ದರು. ಒಳಗೆ ಡ್ರಿಪ್ ಹಾಕಿಸಿಕೊಂಡವರಲ್ಲಿ ಅವರ ಮಗನೂ ಇದ್ದ.

ನಮ್ಮಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಆರೋಗ್ಯ ಸಹಾಯಕರೊಬ್ಬರಿದ್ದರು. ಸರ್ಕಾರ ಅವರ ಹುದ್ದೆಯ ಹೆಸರನ್ನು ಎಷ್ಟು ಸಲ ಬದಲಿಸಿದರೂ ಊರಿನವರಿಗೆ ಅವರು ‘ಮಲೇರಿಯಾ ಇನ್ಸ್‌ಪೆಕ್ಟ್ರು’. ನನ್ನ ವರದಿ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಇದ್ರಲ್ಲಿ ಕಾಯಿಲೆ ಬಂದೋರ ಹೆಸ್ರು ಮಾತ್ರ ಇದೆ. ಬಾರದೇ ಇದ್ದೋರು ಪಾಯಸ ತಿಂದಿಲ್ವಾ?” ಅಂದರು.

ಮಾರನೆಯ ದಿನ ಇಬ್ಬರೂ ಕೊಡೆ ಹಿಡಿದು ಆ ಹಳ್ಳಿಯ ಮನೆಮನೆಗೆ ನಡೆದೆವು. ಹುಷಾರಾಗಿದ್ದವರನ್ನೇ ಹುಡುಕಿ ಕೇಳಿದೆವು. ಅವರೂ ಪಾಯಸ ಉಂಡಿದ್ದರು, ಎರಡೆರಡು ಸಲ ಬಡಿಸಿಕೊಂಡವರೂ ಇದ್ದರು. ಮಲಗಿದವರಿಗೂ ಎದ್ದು ಓಡಾಡುತ್ತಿದ್ದವರಿಗೂ ಊಟದ ಎಲೆಯಲ್ಲಿ ಒಂದು ವ್ಯತ್ಯಾಸವೂ ಸಿಗಲಿಲ್ಲ. ಆರನೆಯದೋ ಏಳನೆಯದೋ ಮನೆಯಲ್ಲಿ ಒಬ್ಬ ಹೆಂಗಸು, “ನಾವು ಹೋದಾಗ ಧಾರೆ ಮುಗ್ದಿತ್ತು, ಪಾನಕಾನೂ ಖಾಲಿಯಾಗಿತ್ತು” ಅಂದಳು. ಅಲ್ಲಿಂದ ದಾರಿ ತೆರೆಯಿತು. ಬೇಗ ಬಂದವರಿಗೆ ಬೆಲ್ಲದ ಪಾನಕ ಕೊಟ್ಟಿದ್ದರು, ತಡವಾಗಿ ಬಂದವರಿಗೆ ಸಿಕ್ಕಿರಲಿಲ್ಲ. ಊಟಕ್ಕೆ ಇಟ್ಟದ್ದು ಲಾವಂಚ ಹಾಕಿ ಕುದಿಸಿದ ನೀರು. ಪಾನಕಕ್ಕೆ ಬಳಸಿದ್ದು ಗುಡ್ಡದಿಂದ ದಬ್ಬೆ ಕಟ್ಟಿ ತಂದ ಅಬ್ಬಿಯ ಹಸಿ ನೀರು. ಅಬ್ಬಿಯ ಮೇಲ್ಗಡೆ ಒಂದು ಗೊಬ್ಬರಗುಂಡಿ ಇತ್ತು, ಮೊದಲ ಮಳೆ ಅದನ್ನು ತೊಳೆದು ಕೆಳಗೆ ತಂದಿತ್ತು. ವಾಪಸು ಬಂದು ವರದಿಯ ಹಾಳೆ ಹರಿದು ಹೊಸದಾಗಿ ಬರೆದೆ. ಭಟ್ಟರ ಮನೆಗೆ ನಾನೇ ಹೋಗಿ ಹೇಳಿಬಂದೆ.

ಎಪಿಡೆಮಿಯಾಲಜಿ ಎಂಬ ವಿಷಯವನ್ನು ವೈದ್ಯಕೀಯ ಕಾಲೇಜಿನಲ್ಲಿ ಒಂದು ದಪ್ಪ ಪುಸ್ತಕದಿಂದ ಉರುಹೊಡೆದು ಪಾಸಾಗಿದ್ದೆ. ಅದು ಏನು ಎಂದು ಗೊತ್ತಾದದ್ದು ಆ ಹೆಂಗಸಿನ ಜಗಲಿಯಲ್ಲಿ. ಆಮೇಲೆ ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೆ. ಕನ್ನಡದಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ಎನ್ನುತ್ತೇವೆ, ಆದರೆ ಇಂದು ಅದು ಅಂಟುರೋಗಕ್ಕೆ ಮಾತ್ರ ಸೇರಿದ್ದಲ್ಲ. ಕ್ಯಾನ್ಸರ್, ಹೃದಯಾಘಾತ, ರಸ್ತೆ ಅಪಘಾತ ಎಲ್ಲವೂ ಅದರೊಳಗೆ ಬರುತ್ತವೆ. ಗ್ರೀಕ್ ಮೂಲದ ಎಪಿಡೆಮಿಯಾಲಜಿ ಪದದ ಅರ್ಥ ‘ಜನರ ಮೇಲೆ ಬಂದದ್ದರ ಶಾಸ್ತ್ರ’. ನಮ್ಮ ಹಳ್ಳಿಗರು ‘ಊರ ಮೇಲೆ ಮಾರಿ ಬಂತು’ ಎನ್ನುವಾಗಲೂ ಅದೇ ಭಾವ. ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು ಎಂದು ಕೇಳುವುದು ಇದರ ಮೊದಲ ಕೆಲಸ. ಯಾರಿಗೆ ಬರಲಿಲ್ಲ ಎಂದು ಕೇಳುವುದು ಇದರ ಜೀವ.

ಶಾಲೆಯಲ್ಲಿ ಭಿನ್ನರಾಶಿ ಕಲಿತದ್ದು ನೆನಪಿರಬಹುದು. ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಕಾಯಿಲೆ ಬಿದ್ದವರು ಅಂಶ. ಕಾಯಿಲೆ ಬೀಳಬಹುದಾಗಿದ್ದ ಎಲ್ಲರೂ, ಬಿದ್ದವರು ಬೀಳದವರು ಸೇರಿ, ಛೇದ. ಕೊರೊನಾ ಕಾಲದಲ್ಲಿ ದಿನಾ ಸಂಜೆ ಟಿವಿಯಲ್ಲಿ ಇಂದು ಇಷ್ಟು ಸಾವಿರ ಎಂದು ಸಂಖ್ಯೆ ಓಡುತ್ತಿತ್ತಲ್ಲ, ಎಷ್ಟು ಜನರನ್ನು ಪರೀಕ್ಷಿಸಿದ್ದರಲ್ಲಿ ಎಂದು ಹೇಳದೇ ಹೋದ ದಿನ ಆ ಸಂಖ್ಯೆಯಿಂದ ಭಯ ಹುಟ್ಟಿತೇ ವಿನಾ ತಿಳಿವಳಿಕೆ ಹುಟ್ಟಲಿಲ್ಲ. ಆ ದಿನಗಳಲ್ಲಿ ನನಗೆ ಫೋನ್ ಮಾಡಿದ ಪ್ರತಿ ಸಂಬಂಧಿಕರಿಗೂ ಇದನ್ನೇ ಹೇಳಿದ್ದೇನೆ.

ಛೇದವನ್ನು ಹುಡುಕಿ ಹೊರಟ ಮೊದಲಿಗರಲ್ಲಿ ಒಬ್ಬ ವೈದ್ಯನಲ್ಲ, ವ್ಯಾಪಾರಿ. ಲಂಡನ್ನಿನ ಜಾನ್ ಗ್ರಾಂಟ್ ದಾರ, ಗುಂಡಿ, ಬಟ್ಟೆಬರೆ ಮಾರುತ್ತಿದ್ದ. ಆ ನಗರದಲ್ಲಿ ಪ್ಲೇಗಿನ ಭಯದಿಂದ ವಾರವಾರವೂ ಸತ್ತವರ ಪಟ್ಟಿ ಅಚ್ಚಾಗುತ್ತಿತ್ತು. ಹೆಣವನ್ನು ನೋಡಿ ಯಾವ ಕಾಯಿಲೆ ಎಂದು ಹೇಳುವ ಕೆಲಸ ಬಡ ಮುದುಕಿಯರದು. ಶ್ರೀಮಂತರು ಈ ವಾರ ಊರಲ್ಲಿರಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಪಟ್ಟಿ ಕೊಳ್ಳುತ್ತಿದ್ದರು, ಓದಿ ಎಸೆಯುತ್ತಿದ್ದರು. ಗ್ರಾಂಟ್ ದಶಕಗಳ ಪಟ್ಟಿಗಳನ್ನು ಒಟ್ಟು ಹಾಕಿ, ಅಂಗಡಿಯ ಲೆಕ್ಕ ನೋಡುವ ಹಾಗೆ ನೋಡಿದ. 1662ರಲ್ಲಿ ಪುಸ್ತಕ ಬರೆದ. ಹುಟ್ಟುವ ಮಕ್ಕಳಲ್ಲಿ ಹೆಣ್ಣಿಗಿಂತ ಗಂಡು ಸ್ವಲ್ಪ ಹೆಚ್ಚು ಎಂಬುದನ್ನು ತೋರಿಸಿದವನು ಅವನು. ಹುಟ್ಟಿದ 100 ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ ಎಂದು ಅಂದಾಜು ಮಾಡಿದ. ನನಗೆ ಅವನಲ್ಲಿ ಹೆಚ್ಚು ಹಿಡಿಸಿದ್ದು ಇನ್ನೊಂದು ಲೆಕ್ಕ. ಲಂಡನ್ನಿನಲ್ಲಿ ಜನ ಎಷ್ಟು? ಹಲವು ದಶಲಕ್ಷ ಎಂದು ದೊಡ್ಡವರು ಮಾತಾಡುತ್ತಿದ್ದರು. ಜನಗಣತಿ ಎಂಬುದೇ ಇಲ್ಲದ ಕಾಲ. ಗ್ರಾಂಟ್ ಹುಟ್ಟಿನ ಸಂಖ್ಯೆಯಿಂದ, ಮನೆಗಳ ಸಂಖ್ಯೆಯಿಂದ ಲೆಕ್ಕ ಹಾಕಿ 3,84,000ರ ಸುಮಾರು ಎಂದ. ಸತ್ತವರನ್ನು ಎಣಿಸಿದರೆ ಸಾಲದು, ಬದುಕಿರುವವರು ಎಷ್ಟೆಂದು ತಿಳಿಯದೆ ಸಾವಿನ ತೂಕ ತಿಳಿಯದು ಎಂಬುದು ಆ ಬಟ್ಟೆ ವ್ಯಾಪಾರಿಗೆ ಹೊಳೆದಿತ್ತು.

ಅಲ್ಲಿಂದ ಸುಮಾರು ಇನ್ನೂರು ವರ್ಷ ದಾಟಿ ಅದೇ ಲಂಡನ್ನಿಗೇ ಬರುತ್ತೇನೆ, ಕಾಲರಾ ಕಾಲಕ್ಕೆ. ಬಂಗಾಳದ ನದೀಮುಖಜ ಭೂಮಿಯಿಂದ 1817ರಲ್ಲಿ ಹೊರಬಿದ್ದ ಕಾಲರಾ 1831ರಲ್ಲಿ ಇಂಗ್ಲೆಂಡ್ ಮುಟ್ಟಿತು. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ಕಾಯಿಲೆ ತರುತ್ತದೆ ಎಂಬುದು ಅಂದಿನ ದೊಡ್ಡ ವೈದ್ಯರ ನಂಬಿಕೆ. ನಾವೂ ‘ಗಾಳಿ ಸೋಕಿತು’ ಎನ್ನುತ್ತಿದ್ದವರೇ. ಆದರೆ ‘ಸೋಂಕು’ ಎಂಬ ನಮ್ಮ ಮಾತಿಗೆ ಮೂಲದಲ್ಲಿ ಮುಟ್ಟುವುದು ಎಂದೇ ಅರ್ಥ. ಜಾನ್ ಸ್ನೋ ಎಂಬ ವೈದ್ಯ ಈ ಎರಡನೆಯ ಅರ್ಥದ ಕಡೆಗಿದ್ದವನು.

ಯಾರ್ಕ್ ಪಟ್ಟಣದ ಕೂಲಿಯ ಮಗ ಸ್ನೋ ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಯ ಕೆಲಸಗಾರರಲ್ಲಿ ಕಾಲರಾ ನೋಡಿದ್ದ. ನೆಲದಾಳದಲ್ಲಿ ಶೌಚಕ್ಕೆ ಜಾಗವಿಲ್ಲ, ಕೈ ತೊಳೆಯಲು ನೀರಿಲ್ಲ, ಅದೇ ಕೈಯಲ್ಲಿ ಊಟ. ಮುಂದೆ ಲಂಡನ್ನಿನಲ್ಲಿ ಅವನು ಹೆಸರು ಮಾಡಿದ್ದು ಅರಿವಳಿಕೆ ಕೊಡುವುದರಲ್ಲಿ. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೊಫಾರ್ಮ್ ಕೊಟ್ಟವನು ಅವನೇ. ದಿನವೂ ಆವಿಗಳ ಜೊತೆ ಕೆಲಸ ಮಾಡುತ್ತಿದ್ದುದರಿಂದ ಗಾಳಿ ಹೇಗೆ ದೇಹದೊಳಗೆ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಗಾಳಿಯಿಂದ ಬರುವ ಕಾಯಿಲೆ ಶ್ವಾಸಕೋಶದಿಂದ ಶುರುವಾಗಬೇಕಲ್ಲ, ಕಾಲರಾ ಹೊಟ್ಟೆಯಿಂದ ಶುರುವಾಗುತ್ತದೆ. ಹಾಗಾದರೆ ಅದು ಬಾಯಿಂದಲೇ ಒಳಗೆ ಹೋಗಿದೆ ಎಂದು ಅವನು 1849ರಲ್ಲೇ ಬರೆದ. ಒಪ್ಪಿದವರು ಕಡಿಮೆ.

1854ರ ಆಗಸ್ಟ್ 31ರ ರಾತ್ರಿ ಸೋಹೊ ಬಡಾವಣೆಯ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಸ್ಫೋಟಿಸಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಬೀದಿಯಲ್ಲೊಂದು ಕೈಪಂಪು. ಸ್ನೋ ಪಂಪಿನ ಹಿಡಿಕೆ ತೆಗೆಸಿದ, ಆಮೇಲೆ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದ, ಗುರುತುಗಳು ಪಂಪಿನ ಸುತ್ತ ಒತ್ತಾಗಿ ಬಿದ್ದವು. ಈ ಕಥೆಯನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಆ ನಕ್ಷೆ ಮಾತ್ರವೇ ಆಗಿದ್ದರೆ ಎದುರಾಳಿಗಳು, ಅಲ್ಲಿನ ಗಾಳಿಯೇ ಕೆಟ್ಟಿತ್ತು ಎಂದು ಸುಲಭವಾಗಿ ತಳ್ಳಿಹಾಕಬಹುದಿತ್ತು. ಸ್ನೋನ ವಾದಕ್ಕೆ ಬಲ ಬಂದದ್ದು ಗುರುತು ಬೀಳದ ಜಾಗಗಳಿಂದ.

ಪಂಪಿನ ಹತ್ತಿರವೇ ಒಂದು ಬಿಯರ್ ಕಾರ್ಖಾನೆ ಇತ್ತು. ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು, ಒಬ್ಬನೂ ಕಾಲರಾದಿಂದ ಸಾಯಲಿಲ್ಲ. ಕೆಲಸಗಾರರಿಗೆ ಕುಡಿಯಲು ಬಿಯರೇ ಸಿಗುತ್ತಿತ್ತು, ಅಂಗಳದಲ್ಲಿ ಬೇರೆ ಬಾವಿಯೂ ಇತ್ತು, ಬೀದಿಯ ಪಂಪಿಗೆ ಯಾರೂ ಹೋಗುತ್ತಿರಲಿಲ್ಲ. ಪೋಲಂಡ್ ಸ್ಟ್ರೀಟಿನಲ್ಲಿ ಬಡವರನ್ನು ಇರಿಸುವ ವರ್ಕ್‌ಹೌಸಿನಲ್ಲಿ 535 ಜನರಿದ್ದರು. ಸುತ್ತಲಿನ ಮನೆಗಳಲ್ಲೆಲ್ಲ ಸಾವು, ಒಳಗೆ ಸತ್ತವರು ಐವರು ಮಾತ್ರ. ಅಲ್ಲಿಯೂ ಸ್ವಂತ ಬಾವಿ. ಇತ್ತ ಮೈಲುಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನ ಒಳ್ಳೆಯ ಗಾಳಿಯಲ್ಲಿ ಸುಸಾನಾ ಈಲಿ ಎಂಬ ವಿಧವೆ ಕಾಲರಾದಿಂದ ತೀರಿಕೊಂಡರು. ಅವರು ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿ ಇದ್ದವರು, ಆ ಪಂಪಿನ ನೀರಿನ ರುಚಿ ಬಿಡಲಾರದೆ ದಿನವೂ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು. ಅವರನ್ನು ನೋಡಲು ಬಂದು ಅದೇ ನೀರು ಕುಡಿದ ಹತ್ತಿರದ ಸಂಬಂಧಿಕರ ಹುಡುಗಿಯೂ ಸತ್ತಳು. ಊರಿನ ಬಾವಿಯ ನೀರು ಎಂಥ ಅಮೃತ ಎಂದು ಪೇಟೆ ಸೇರಿದ ಮೇಲೂ ಹೇಳುವ ನಮ್ಮಂಥವರಿಗೆ ಆಕೆಯ ಹಂಬಲ ಅರ್ಥವಾಗುತ್ತದೆ.

ಹಿಡಿಕೆ ತೆಗೆದದ್ದು ಸೆಪ್ಟೆಂಬರ್ 8ರಂದು. ಅಷ್ಟರಲ್ಲಿ ಜನ ಊರು ಬಿಟ್ಟು ಓಡಿದ್ದರು, ಸಾವೂ ಇಳಿಮುಖವಾಗಿತ್ತು. ಸ್ನೋ ತಾನೇ ಇದನ್ನು ಒಪ್ಪಿಕೊಂಡಿದ್ದಾನೆ.

ಈ ಕಥೆಯಲ್ಲಿ ನನಗೆ ತುಂಬ ಆಪ್ತನಾದವನು ಸ್ನೋ ಅಲ್ಲ, ಹೆನ್ರಿ ವೈಟ್‌ಹೆಡ್. ಅದೇ ಬಡಾವಣೆಯ ಚರ್ಚಿನ ಎಳೆಯ ಪಾದ್ರಿ, ಇಪ್ಪತ್ತೊಂಬತ್ತರ ಆಸುಪಾಸಿನ ವಯಸ್ಸು. ಸತ್ತವರನ್ನೂ ಅವರ ಮನೆಯವರನ್ನೂ ಹೆಸರು ಹಿಡಿದು ಬಲ್ಲವನು. ಪಂಪಿನ ನೀರೇ ಕಾರಣ ಎಂಬ ಸ್ನೋನ ಮಾತು ಅವನಿಗೆ ಸರಿಕಾಣಲಿಲ್ಲ. ಆ ನೀರು ಕುಡಿದೂ ಬದುಕಿದವರನ್ನು ಅವನು ಕಣ್ಣಾರೆ ಕಂಡಿದ್ದ. ಇದನ್ನು ಸುಳ್ಳೆಂದು ತೋರಿಸುತ್ತೇನೆ ಎಂದೇ ಹೊರಟ. ಬ್ರಾಡ್ ಸ್ಟ್ರೀಟಿನ ಮನೆಮನೆಗೆ ಹೋದ, ಕೆಲವು ಮನೆಗಳಿಗೆ ನಾಲ್ಕೈದು ಸಲ. ಸತ್ತವರ ಬಗ್ಗೆ ಎಷ್ಟು ಕೇಳಿದನೋ ಬದುಕಿದವರ ಬಗ್ಗೆಯೂ ಅಷ್ಟೇ ಕೇಳಿದ. ಸ್ನೋ ಅಷ್ಟು ಪೂರ್ತಿಯಾಗಿ ಮಾಡಲಾಗದ ಕೆಲಸ ಅದು. ಪಂಪಿನ ನೀರು ಕುಡಿದಿದ್ದ 137 ಜನರಲ್ಲಿ 80 ಜನರಿಗೆ ಕಾಯಿಲೆ ಬಂದಿತ್ತು. ಕುಡಿಯದ 297 ಜನರಲ್ಲಿ ಬಂದದ್ದು 20 ಜನರಿಗೆ. ನೂರಕ್ಕೆ 58 ಒಂದು ಕಡೆ, ನೂರಕ್ಕೆ 7 ಇನ್ನೊಂದು ಕಡೆ. ತನ್ನ ಕೈಯಾರೆ ಮಾಡಿದ ಲೆಕ್ಕ ತನ್ನ ನಂಬಿಕೆಯನ್ನೇ ಕೆಡವಿದಾಗ ಅವನು ಲೆಕ್ಕದ ಪರ ನಿಂತ. ನೀರು ಕುಡಿದೂ ಉಳಿದ 57 ಜನ ಅವನ ಮೂಲ ಅನುಮಾನಕ್ಕೆ ಕಾರಣರು. ಕುಡಿಯದ ಜನರ ಜೊತೆ ಹೋಲಿಸದೆ ಅವರನ್ನಷ್ಟೇ ನೋಡಿದ್ದರೆ ಅವನು ಜೀವನಪೂರ್ತಿ ತಪ್ಪಿನಲ್ಲೇ ಉಳಿಯುತ್ತಿದ್ದ.

ಅವನು ಅಲ್ಲಿಗೂ ನಿಲ್ಲಲಿಲ್ಲ. ಬಾವಿಗೆ ಕಾಲರಾ ಬಂದದ್ದಾದರೂ ಎಲ್ಲಿಂದ? ಮರಣದ ದಾಖಲೆ ಓದುತ್ತಿದ್ದಾಗ ಪಂಪಿನ ಎದುರಿಗೇ ಇದ್ದ 40ನೇ ನಂಬರಿನ ಮನೆಯ ಐದು ತಿಂಗಳ ಕೂಸು ಕಣ್ಣಿಗೆ ಬಿತ್ತು. ಸ್ಫೋಟಕ್ಕೆ ಮೊದಲೇ ಅದಕ್ಕೆ ಭೇದಿ ಶುರುವಾಗಿತ್ತು. ತಾಯಿಯನ್ನು ಕೇಳಿದ. ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಮಲದ ಗುಂಡಿಗೆ ಸುರಿದಿದ್ದಳು. ನೆಲ ಅಗೆಸಿ ನೋಡಿದರೆ ಗುಂಡಿಯ ಇಟ್ಟಿಗೆ ಕಳಚಿಹೋಗಿತ್ತು, ಬಾವಿ ಅದಕ್ಕೆ ಮೂರು ಅಡಿಯೂ ದೂರವಿರಲಿಲ್ಲ. ಹಿಡಿಕೆ ತೆಗೆದ ಸೆಪ್ಟೆಂಬರ್ 8ರಂದೇ ಆ ಮಗುವಿನ ತಂದೆಗೂ ಕಾಲರಾ ಹಿಡಿದಿತ್ತು. ಹಿಡಿಕೆ ಅಲ್ಲೇ ಇದ್ದಿದ್ದರೆ ಅದೇ ಗುಂಡಿಯಿಂದ ಎರಡನೆಯ ಅಲೆ ಏಳಬಹುದಿತ್ತು. ಸ್ನೋ 1858ರಲ್ಲಿ, 45ನೇ ವಯಸ್ಸಿಗೇ ತೀರಿಕೊಂಡ. ವೈಟ್‌ಹೆಡ್ ಕೊನೆಯವರೆಗೂ ಅವನ ಚಿತ್ರವನ್ನು ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದ.

1854ರಲ್ಲೇ ಸ್ನೋ ಮಾಡಿದ ಇನ್ನೊಂದು ಕೆಲಸವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ದಕ್ಷಿಣ ಲಂಡನ್ನಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ನಗರದ ಕೊಳಚೆ ಸೇರುವ ಜಾಗದಲ್ಲೇ ಥೇಮ್ಸ್ ನದಿಯಿಂದ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಜಾಗವನ್ನು ಹೊಳೆಯ ಮೇಲ್ಗಡೆಗೆ ಸರಿಸಿತ್ತು. ಅದೇ ಬೀದಿ, ಅದೇ ಗಾಳಿ, ಅದೇ ಬಡತನ. ಒಂದು ಮನೆಗೆ ಈ ಕಂಪನಿಯ ಕೊಳಾಯಿ, ಪಕ್ಕದ ಮನೆಗೆ ಆ ಕಂಪನಿಯದು. ಬಾಡಿಗೆದಾರರಿಗೆ ತಮ್ಮದು ಯಾವ ಕಂಪನಿ ಎಂದೇ ಗೊತ್ತಿರುತ್ತಿರಲಿಲ್ಲ. ಸ್ನೋ ಆ ನೀರಿಗೆ ಬೆಳ್ಳಿಯ ನೈಟ್ರೇಟ್ ಹಾಕಿ ಉಪ್ಪಿನಂಶ ನೋಡಿ ಗುರುತು ಹಿಡಿದ. ಹೊಳೆಯ ಕೆಳಗಡೆಯ ನೀರಿನಲ್ಲಿ ಉಪ್ಪು ಬಹಳ ಹೆಚ್ಚು. ಮೊದಲ ಕಂಪನಿಯ 40,046 ಮನೆಗಳಲ್ಲಿ 1,263 ಸಾವು. ಎರಡನೆಯದರ 26,107 ಮನೆಗಳಲ್ಲಿ 98 ಸಾವು. ಹತ್ತು ಸಾವಿರ ಮನೆಗೆ 315 ಮತ್ತು 37. ಸಾವಿನ ಸಂಖ್ಯೆಯ ಕೆಳಗೆ ಮನೆಗಳ ಸಂಖ್ಯೆಯನ್ನು ಇಟ್ಟಿದ್ದಕ್ಕೇ ಈ ಮಾತು ಆಡಲು ಬಂತು.

ಸಾವಿನ ಅಂಕಿಗಳನ್ನು ಅವನಿಗೆ ಕೊಟ್ಟವನು ವಿಲಿಯಂ ಫಾರ್, ಸರ್ಕಾರಿ ನೋಂದಣಿ ಕಚೇರಿಯ ಅಂಕಿಅಂಶದ ಅಧಿಕಾರಿ. ಫಾರ್ ಗಾಳಿಯ ವಾದದವನು. ಥೇಮ್ಸ್ ನದಿಯ ಮಟ್ಟದಿಂದ ನೆಲ ಎತ್ತರವಾದಷ್ಟೂ ಕಾಲರಾ ಸಾವು ಇಳಿಯುತ್ತದೆ ಎಂದು ಅವನು ಅಚ್ಚುಕಟ್ಟಾದ ಲೆಕ್ಕ ತೋರಿಸಿದ್ದ. ಲೆಕ್ಕ ನಿಜವಾಗಿತ್ತು. ತಗ್ಗಿನವರು ಕುಡಿಯುತ್ತಿದ್ದದ್ದು ಕೆಟ್ಟ ನೀರು ಎಂಬ ಕಾರಣ ಅದರ ಹಿಂದೆ ಅಡಗಿತ್ತು, ಅಷ್ಟೆ. ಎರಡು ಸಂಗತಿ ಜೊತೆಯಾಗಿ ನಡೆದರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1866ರ ಕಾಲರಾದ ಹೊತ್ತಿಗೆ ಫಾರ್ ನೀರಿನ ವಾದಕ್ಕೆ ಬಂದಿದ್ದ. ಮನಸ್ಸು ಬದಲಿಸಿದ ಇಂಥವರ ಹೆಸರನ್ನು ನಾನು ಪಾಠದಲ್ಲಿ ಯಾವತ್ತೂ ಬಿಡುವುದಿಲ್ಲ.

ವಿಯೆನ್ನಾದ ಸೆಮ್ಮೆಲ್‌ವೈಸ್ ಕೂಡ 1847ರಲ್ಲಿ ಹೋಲಿಕೆಯಿಂದಲೇ ದಾರಿ ಕಂಡವನು. ಒಂದೇ ಆಸ್ಪತ್ರೆಯ ಎರಡು ಹೆರಿಗೆ ವಾರ್ಡುಗಳು. ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲಿ ಬಾಣಂತಿ ಜ್ವರದ ಸಾವು ಹೆಚ್ಚು, ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದವರು ವಿದ್ಯಾರ್ಥಿಗಳು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ, ಸಾವು ಇಳಿಯಿತು.

1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ ರೋಗಿಗಳ ಕರುಳಿನಲ್ಲೂ ಅವರು ಬಳಸಿದ ಕೆರೆಯ ನೀರಿನಲ್ಲೂ ಕಾಲರಾ ರೋಗಾಣುವನ್ನು ತೋರಿಸಿದ. ಇನ್ನು ಮನೆಮನೆ ಸುತ್ತುವುದೇಕೆ, ಸೂಕ್ಷ್ಮದರ್ಶಕ ಸಾಕಲ್ಲ ಎನ್ನಿಸುವ ಕಾಲ ಬಂತು. ಆದರೆ 1892ರಲ್ಲಿ ಮ್ಯೂನಿಕ್‌ನ ಪೆಟ್ಟೆನ್‌ಕೋಫರ್ ಎಂಬ ಹಿರಿಯ ವಿಜ್ಞಾನಿ ಕಾಖ್‌ನ ಮಾತನ್ನು ಒಪ್ಪದೆ, ಕಾಲರಾ ರೋಗಾಣುಗಳಿದ್ದ ದ್ರವವನ್ನೇ ಕುಡಿದುಬಿಟ್ಟ. ಸ್ವಲ್ಪ ಭೇದಿಯಾಯಿತು, ಸಾಯಲಿಲ್ಲ. ರೋಗಾಣುವೇ ಕಾರಣವಲ್ಲ ಎಂಬ ಅವನ ತೀರ್ಮಾನ ತಪ್ಪು. ರೋಗಾಣು ಹೊಕ್ಕವರಿಗೆಲ್ಲ ಕಾಯಿಲೆ ಒಂದೇ ತೆರನಾಗಿ ಏಕೆ ಬರುವುದಿಲ್ಲ ಎಂಬ ಪ್ರಶ್ನೆ ಮಾತ್ರ ಉಳಿದುಕೊಂಡಿತು, ಅದಕ್ಕೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿರಲಿಲ್ಲ.

ಅಂಟದ ಕಾಯಿಲೆಗೂ ಇದೇ ದಾರಿ ನಡೆಯುತ್ತದೆ ಎಂದು ತೋರಿಸಿದವರಲ್ಲಿ ಜಾನೆಟ್ ಲೇನ್-ಕ್ಲೇಪನ್ ಎಂಬ ಇಂಗ್ಲಿಷ್ ವೈದ್ಯೆಯನ್ನು ಮೊದಲು ನೆನೆಯಬೇಕು. ಸ್ತನ ಕ್ಯಾನ್ಸರ್ ಬಂದ 500 ಹೆಂಗಸರನ್ನೂ ಬಾರದ 500 ಹೆಂಗಸರನ್ನೂ ಒಂದೇ ಪ್ರಶ್ನೆಪಟ್ಟಿ ಹಿಡಿದು ಕೇಳಿಸಿ 1926ರಲ್ಲಿ ವರದಿ ಕೊಟ್ಟರು. ಎಷ್ಟು ಮಕ್ಕಳು, ಯಾವ ವಯಸ್ಸಿಗೆ ಮದುವೆ, ಹಾಲೂಡಿಸಿದಿರಾ. 1929ರಲ್ಲಿ ಮದುವೆಯಾದ ಮೇಲೆ ಆಕೆಯ ಸಂಶೋಧನೆ ನಿಂತುಹೋಯಿತು. ಈಗಲೂ ನನಗೆ ಇದು ನೋವಿನ ವಿಷಯ.

ಕಾಲು ಶತಮಾನದ ಮೇಲೆ, 1950ರಲ್ಲಿ, ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅದೇ ಹಾದಿಯಲ್ಲಿ ಸಿಗರೇಟನ್ನು ಹಿಡಿದರು. ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರು, ಬೇರೆ ಕಾಯಿಲೆಗೆ ಬಂದ 649 ಗಂಡಸರು. ಕ್ಯಾನ್ಸರ್ ಇದ್ದವರಲ್ಲಿ ಸಿಗರೇಟು ಸೇದದವರು ಇಬ್ಬರೇ. ಇದನ್ನಷ್ಟೇ ಹೇಳಿದರೆ ಸಾಕೆನ್ನಿಸುತ್ತದೆ, ಸಾಲದು. ಆ ಕಾಲದ ಲಂಡನ್ನಿನಲ್ಲಿ ಸೇದದ ಗಂಡಸೇ ಅಪರೂಪ; ಕ್ಯಾನ್ಸರ್ ಇಲ್ಲದವರಲ್ಲೂ 622 ಜನ ಸೇದುವವರೇ, ಸೇದದವರು 27. ಎಲ್ಲರೂ ಉಂಡ ನನ್ನ ಪಾಯಸದ ಹಾಗೆ. ಆದರೆ ಇಲ್ಲಿ ಎರಡಕ್ಕೂ ಇಪ್ಪತ್ತೇಳಕ್ಕೂ ಇರುವ ಅಂತರವನ್ನು ಅವರು ಕೈಬಿಡಲಿಲ್ಲ. ದಿನಕ್ಕೆ ಎಷ್ಟು ಸೇದುತ್ತೀರಿ ಎಂದೂ ಕೇಳಿದ್ದರು. ಹೆಚ್ಚು ಸೇದುವವರ ಗುಂಪಿಗೆ ಹೋದಂತೆ ಕ್ಯಾನ್ಸರಿನವರ ಪಾಲು ಏರುತ್ತಲೇ ಹೋಯಿತು. ರಸ್ತೆಗೆ ಹಾಕುವ ಟಾರೇ ಕಾರಣವಿರಬೇಕು ಎಂದುಕೊಂಡು ಶುರುಮಾಡಿದ್ದ ಡಾಲ್, ಅಧ್ಯಯನ ಮುಗಿಯುವ ಮೊದಲೇ ಸಿಗರೇಟು ಬಿಟ್ಟರು.

ಇಷ್ಟು ಹೊತ್ತು ಹೊರದೇಶದ ಮಾತಾಯಿತು. ನಾನು ಓಡಾಡಿದ ಕಾಡಿನ ಮಾತಿಗೆ ಬರುತ್ತೇನೆ.

ನಮ್ಮ ಹಿರಿಯರಿಗೆ ‘ಇಲಿ ಬಿತ್ತು’ ಎಂದರೆ ಸಾಕಾಗಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗ್ ಬಂತೆಂದು ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಯಾವ ಪುಸ್ತಕ ಓದದೆಯೂ ಪ್ರಾಣಿಯ ಸಾವಿಗೂ ಮನುಷ್ಯನ ಸಾವಿಗೂ ಗಂಟು ಕಂಡುಕೊಂಡಿದ್ದರು. ಮಲೆನಾಡಿನಲ್ಲಿ ಈಗಲೂ ‘ಮಂಗ ಬಿದ್ದಿದೆ’ ಎಂಬ ಸುದ್ದಿಗೆ ಅಷ್ಟೇ ತೂಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಿತು. ಥಟ್ಟನೆ ಏರುವ ಜ್ವರ, ತಲೆ ಸಿಡಿಯುವ ನೋವು, ಮೈಕೈ ಮುರಿದ ಹಾಗೆ, ಕೆಲವರಿಗೆ ರಕ್ತಸ್ರಾವ. ಟೈಫಾಯಿಡ್ ಇರಬಹುದೆಂದು ಮೊದಲು ಎಣಿಸಿದ್ದರು. ಮಂಗನ ಸಾವು ಕೇಳಿದ ಮೇಲೆ ಇನ್ನೂ ದೊಡ್ಡ ಭಯ ಹುಟ್ಟಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೇ ಸಾಯುತ್ತವೆ. ಭಾರತದಲ್ಲಿ ಎಂದೂ ಕಾಣಿಸದ ಕಾಯಿಲೆ ಅದು. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಪೇಟೆಗಳಲ್ಲಿ ಧಾರಾಳ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್ ಮತ್ತು ಸಂಗಡಿಗರು ಬಂದರು. ಸತ್ತ ಮಂಗದಿಂದ ವೈರಸ್ ಸಿಕ್ಕಿತು. ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗು ಹರಡುವ ಮಿದುಳು ಜ್ವರದ ವೈರಸ್ಸಿನ ಬಳಗದ್ದು. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳೇ ಉಣುಗನ್ನು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದು, ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುಮಾಡಿತು. ಹಕ್ಕಿಗಳು ತಂದವೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆಯ ಬಗ್ಗೆ ಸಿಕ್ಕ ತಿಳಿವಳಿಕೆಯಲ್ಲಿ ಸೊರಬದ ಮಂಗಗಳ ಪಾಲೂ ಇದೆ.

ಮಂಗನ ಕಾಯಿಲೆ ಎಂದು ಹೆಸರಾದ ಈ ಜ್ವರದಲ್ಲೂ ಬಾರದವರೇ ದಾರಿ ತೋರಿಸುತ್ತಾರೆ. ರೋಗಿಯ ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸಿದ ಮನೆಯವರಿಗೆ ಅದರಿಂದ ಜ್ವರ ಹತ್ತುವುದಿಲ್ಲ, ಅಂದರೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಲ್ಲ. ಕಾಡಿಗೆ ಹೋಗದೆ ಮನೆಯಲ್ಲೇ ಇರುವ ಕೂಸುಗಳಿಗೆ ಬರುವುದು ಅಪರೂಪ. ದನ ಮೇಯಿಸುವವರು, ಸೌದೆಗೆ ಹೋದವರು, ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ಹೆಡಿಗೆ ತುಂಬುವ ಹೆಂಗಸರು, ಇವರಿಗೇ ಬರುತ್ತದೆ. ಮಳೆಗಾಲದಲ್ಲಿ ಇಲ್ಲ. ಡಿಸೆಂಬರಿನಲ್ಲಿ ತಲೆ ಎತ್ತಿ, ಬೇಸಗೆಯವರೆಗೆ ಉರಿದು, ಮಳೆ ಬಿದ್ದ ಮೇಲೆ ಅಡಗುತ್ತದೆ. ಒಣಗಿದ ಎಲೆಯ ಅಡಿಯಲ್ಲಿ ರಾಗಿಕಾಳಿನಷ್ಟಿರುವ ಮರಿ ಉಣುಗುಗಳು ಕಚ್ಚುವ ಕಾಲವೂ ಅದೇ. ಕಾಡು ಕಡಿದು ಊರು ಒಳಗೆ ಸರಿದದ್ದು, ದನಗಳು ಕಾಡಿನಲ್ಲಿ ಮೇದು ಉಣುಗಿನ ಸಂತಾನ ಬೆಳೆಸಿದ್ದು ಈ ಕಾಯಿಲೆಗೆ ಎಡೆಮಾಡಿತು ಎಂದು 1960ರ ದಶಕದಲ್ಲೇ ಅಲ್ಲಿ ಕೆಲಸ ಮಾಡಿದ ಹೋರ್ಹೆ ಬೋಷೆಲ್ ವಾದಿಸಿದ್ದರು.

ಮಂಗ ಸತ್ತ ಜಾಗದ ಸುತ್ತ ಐವತ್ತು ಅಡಿ ಮೆಲಾಥಿಯಾನ್ ಪುಡಿ ಉದುರಿಸುವುದು, ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು ಉಣುಗು ಹಿಡಿಯುವುದು, ಉಣುಗು ಹತ್ತದಂತೆ ಕಾಡಿಗೆ ಹೋಗುವವರ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಸುವುದು, ಇದೆಲ್ಲ ನಾನು ಆರೋಗ್ಯ ಸಹಾಯಕರ ಹಿಂದೆ ಹೋಗಿ ಕಲಿತದ್ದು. ಲಸಿಕೆಯೂ ಬಂತು, 1990ರಿಂದ ಕೊಟ್ಟರು. ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ರಕ್ಷಣೆ ಸಾಲದೆಂದು ಕಂಡು 2022ರಲ್ಲಿ ನಿಲ್ಲಿಸಿದರು. ಸೂಜಿ ಚುಚ್ಚಿಸಿಕೊಂಡು ಧೈರ್ಯವಾಗಿದ್ದ ಜನರಿಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ, ಆದರೂ ಹೇಳಲೇಬೇಕಿತ್ತು. ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳದೇ ಎಂದುಕೊಂಡಿದ್ದ ಕಾಯಿಲೆ 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಂಡಿತು.

ನಿವೃತ್ತಿಯಾಗುವ ಮೊದಲಿನ ಒಂದು ಬೇಸಗೆ, ವಿದ್ಯಾರ್ಥಿಗಳನ್ನು ಸಾಗರದ ಕಡೆ ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಒಂದು ಕೇರಿಯ ಮೂರು ಮನೆಗಳಲ್ಲಿ ಮಂಗನ ಕಾಯಿಲೆ ಬಂದಿತ್ತು. ಹುಡುಗರು ಆ ಮೂರು ಮನೆಯ ವಿವರ ಬರೆದುಕೊಂಡು ಬಸ್ಸಿನ ಕಡೆ ಹೊರಟರು. ನಾನು ನಾಲ್ಕನೆಯ ಮನೆಯ ದಣಪೆ ದಾಟಿದೆ. ಜಗಲಿಯ ಮೇಲೆ ಅಡಿಕೆ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಿ, “ನಮ್ಮನೇಲಿ ಯಾರಿಗೂ ಏನೂ ಆಗಿಲ್ಲಮ್ಮ, ಇಲ್ಲಿಗ್ಯಾಕೆ ಬಂದ್ರಿ?” ಅಂದರು. ಅದಕ್ಕೇ ಬಂದೆ ಅಜ್ಜಿ ಎಂದೆ. ಕೂರಿಸಿ ಮಜ್ಜಿಗೆ ಕೊಟ್ಟರು. ಈ ವರ್ಷ ಬೆಟ್ಟಕ್ಕೆ ಹೋಗಿದ್ದಿರಾ ಎಂದು ಕೇಳಿದೆ.

“ಎಲ್ಲಿ ಹೋಗೋದು? ಮಾಗಿಯಲ್ಲಿ ಮೊಮ್ಮಗಳ ಮದುವೆ ಬಂತು. ಆಮೇಲೆ ಸೊಸೆಗೆ ಕಾಲುನೋವು. ಈ ಸಲ ದರಗು ತರಲೇ ಇಲ್ಲ, ಕೊಟ್ಟಿಗೆಗೆ ಭತ್ತದ ಹುಲ್ಲೇ ಹಾಸಿದ್ವಿ.”

ದಣಪೆಯವರೆಗೆ ವಾಪಸು ಬಂದಿದ್ದ ಹುಡುಗಿಯೊಬ್ಬಳು ಬ್ಯಾಗಿನಿಂದ ಮತ್ತೆ ನೋಟ್‌ಬುಕ್ಕು ತೆಗೆದಳು. “ಅಜ್ಜಿ, ಹುಲ್ಲು ನಿಮ್ಮ ಗದ್ದೇದೋ, ತರಿಸಿದ್ದೋ?”